ಕ್ಷಯರೋಗವೂ ಕಫಪರೀಕ್ಷೆಯೂ

ಮೂವತ್ತನಾಲ್ಕು ವರ್ಷಗಳ ಕಾಲ ಉಪಾಧ್ಯಾಯವೃತ್ತಿಯಲ್ಲಿದ್ದವನಿಗೆ ‘ಪರೀಕ್ಷೆ’ ಎಂಬ ಮಾತು ಹೊಸತಲ್ಲ. ವರ್ಷವರ್ಷವೂ ಮಕ್ಕಳನ್ನು ಸಾಲಾಗಿ ಕೂರಿಸಿ, ಇವರು ಉತ್ತೀರ್ಣರು, ಇವರು ಅನುತ್ತೀರ್ಣರು ಎಂದು ವಿಂಗಡಿಸಿದವನು ನಾನು. ಆದರೆ ಸಂಸ್ಕೃತದಲ್ಲಿ ಆ ಪದದ ಮೂಲಾರ್ಥವು ಬೇರೆ. ‘ಪರಿ’ ಎಂದರೆ ಸುತ್ತಲೂ. ‘ಈಕ್ಷಾ’ ಎಂದರೆ ನೋಡುವಿಕೆ. ಸುತ್ತಲೂ ಕಣ್ಣಾಡಿಸಿ ನೋಡುವುದೇ ಪರೀಕ್ಷೆ. ಒಬ್ಬನನ್ನು ತಪ್ಪಿತಸ್ಥನೆಂದು ಹಿಡಿದು ನಿಲ್ಲಿಸುವುದಲ್ಲ. ಅಂಟುಜಾಡ್ಯಗಳ ವಿಷಯದಲ್ಲಿ ನಮಗೆ ಬೇಕಾದುದು ಈ ಮೂಲಾರ್ಥವೇ. ಇದನ್ನು ನಾನು ವ್ಯಾಕರಣದಿಂದ ಬಹುಕಾಲದ ಹಿಂದೆಯೇ ತಿಳಿದಿದ್ದೆನು; ಆದರೆ ಮನವರಿಕೆಯಾದುದು ನನ್ನ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ. ಅದನ್ನು ಮುಂದೆ ಮರೆಮಾಚದೆ ಹೇಳುವೆನು. ಮೊದಲು ರೋಗದ ವಿಚಾರವನ್ನು ವಾಚಕರು ಅರಿತಿರುವುದು ಒಳ್ಳೆಯದು.

ಕ್ಷಯವು ನಮ್ಮ ದೇಶಕ್ಕೆ ಹೊಸದಾಗಿ ಬಂದುದಲ್ಲ. ಆಯುರ್ವೇದವು ಇದನ್ನು ರಾಜಯಕ್ಷ್ಮವೆಂದು ಕರೆಯಿತು. ದಕ್ಷನ ಕುಮಾರಿಯರನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾಗಿ ಮಿಕ್ಕವರನ್ನು ಕಡೆಗಣಿಸಲು, ಮಾವನ ಕೋಪದಿಂದ ಅವನಿಗೆ ಈ ರೋಗವು ತಗುಲಿತೆಂದೂ, ಮೊದಲು ರಾಜನಾದ ಚಂದ್ರನಿಗೆ ಬಂದುದರಿಂದ ಈ ಹೆಸರಾಯಿತೆಂದೂ ಚರಕಸಂಹಿತೆಯಲ್ಲಿ ಕಥೆಯುಂಟು. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ವಿಧಗಳಿಂದ ಪರೀಕ್ಷಿಸಬೇಕೆಂದು ನಮ್ಮ ಪ್ರಾಚೀನ ವೈದ್ಯರು ವಿಧಿಸಿದರು. ಆದರೆ ಒಂದು ತೊಡಕುಂಟು. ಚಂದ್ರನು ಕ್ಷೀಣಿಸುವುದನ್ನು ಲೋಕವೆಲ್ಲ ಕಾಣುತ್ತದೆ. ನೆರೆಮನೆಯವನು ಕ್ಷೀಣಿಸುವುದು ಹಾಗೆ ಕಾಣುವುದಿಲ್ಲ. ಮೈ ಸೊರಗಿ, ಎಲುಬು ಎದ್ದು, ನೋಡಿದವರಿಗೆಲ್ಲ ಇದು ಕ್ಷಯವೆಂದು ತಿಳಿಯುವ ಹೊತ್ತಿಗೆ, ಆ ರೋಗಿಯು ತಿಂಗಳುಗಟ್ಟಲೆ ಮನೆಯವರ ನಡುವೆ ಕೆಮ್ಮಿರುತ್ತಾನೆ.

ಅಂಟುರೋಗಗಳಲ್ಲಿ ಕೆಲವು ಪ್ರಕಟವಾದುವು, ಕೆಲವು ಗುಪ್ತವಾದುವು. ಸಿಡುಬು ಪ್ರಕಟವಾದ ರೋಗ. ೧೯೭೩ರಿಂದ ಮುಂದೆ ಭಾರತದಲ್ಲಿ ಆರೋಗ್ಯ ಇಲಾಖೆಯವರು ಸಿಡುಬು ಬಂದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆಮನೆಗೂ ಹೋಗಿ, ‘ಇಂಥ ಬೊಕ್ಕೆ ಯಾರಿಗಾದರೂ ಉಂಟೆ?’ ಎಂದು ಕೇಳಿದರು. ರೋಗಿ ಸಿಕ್ಕಿದ ಊರಿನಲ್ಲಿ ಸುತ್ತಣವರಿಗೆಲ್ಲ ದೇವಿ ಹಾಕಿದರು. ೧೯೭೫ರ ಮೇ ತಿಂಗಳ ತರುವಾಯ ನಮ್ಮ ನೆಲದಲ್ಲಿ ಆ ರೋಗವು ಹುಟ್ಟಲಿಲ್ಲ. ಅಲ್ಲಿ ಕಣ್ಣೇ ಪರೀಕ್ಷಾಯಂತ್ರವಾಗಿತ್ತು. ಕ್ಷಯಕ್ಕೆ ಕಣ್ಣು ಸಾಲದು. ಕೆಮ್ಮುವವರೆಲ್ಲ ಕ್ಷಯರೋಗಿಗಳಲ್ಲ, ಕ್ಷಯರೋಗಿಗಳೆಲ್ಲ ಕೆಮ್ಮುವುದೂ ಇಲ್ಲ. ಆದಕಾರಣ ಇಲ್ಲಿ ಪ್ರಯೋಗಶಾಲೆಯ ಪರೀಕ್ಷೆಯು ಅವಶ್ಯವಾಯಿತು.

ಆ ಪರೀಕ್ಷೆಯ ದಾರಿಯನ್ನು ತೆರೆದವನು ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು. ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ಕಂಡುಹಿಡಿದೆನೆಂದು ಅವನು ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ ನಗರದಲ್ಲಿ ಪ್ರಕಟಿಸಿದನು. ಕಫಪರೀಕ್ಷೆಯ ಕ್ರಮವು ಸರಳವಾದುದು. ರೋಗಿಯ ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸಿ, ಕೆಂಪು ಬಣ್ಣವನ್ನು ಹಾಕಿ ಕಾಯಿಸುತ್ತಾರೆ. ಬಳಿಕ ಆಮ್ಲದಿಂದ ತೊಳೆದರೆ ಮಿಕ್ಕ ವಸ್ತುಗಳೆಲ್ಲ ಬಣ್ಣವನ್ನು ಬಿಟ್ಟುಕೊಡುತ್ತವೆ. ಮೇಣದಂಥ ಹೊದಿಕೆಯುಳ್ಳ ಕ್ಷಯದ ಕ್ರಿಮಿ ಮಾತ್ರ ಬಿಡುವುದಿಲ್ಲ. ಅನಂತರ ನೀಲಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿಯ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಗಳಂತೆ ಕ್ರಿಮಿಗಳು ಕಾಣುತ್ತವೆ. ಇದರಲ್ಲಿ ಕೊರತೆಯೂ ಉಂಟು. ಒಂದು ಮಿಲಿಲೀಟರು ಕಫದಲ್ಲಿ ಹಲವು ಸಾವಿರ ಕ್ರಿಮಿಗಳಿಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಈಗ ಕ್ರಿಮಿಯ ವಂಶಧಾತುವನ್ನೇ ಗುರುತಿಸುವ ಯಂತ್ರಗಳು ಬಂದಿವೆ. ಅವುಗಳಲ್ಲೊಂದಾದ ‘ಟ್ರೂನ್ಯಾಟ್’ ಎಂಬುದು ಬೆಂಗಳೂರಿನ ಮತ್ತು ಗೋವೆಯ ತಂತ್ರಜ್ಞರ ಶ್ರಮದಿಂದ ಹುಟ್ಟಿತು. ವಿದ್ಯುತ್ತಿಲ್ಲದ ಕಡೆ ಬ್ಯಾಟರಿಯಿಂದಲೂ ಕೆಲಸ ಮಾಡುತ್ತದೆ. ರೋಗವುಂಟೆಂಬುದನ್ನು ಮಾತ್ರವಲ್ಲದೆ, ಮುಖ್ಯವಾದ ಔಷಧವೊಂದಕ್ಕೆ ಕ್ರಿಮಿಯು ಬಗ್ಗುವುದೋ ಇಲ್ಲವೋ ಎಂಬುದನ್ನೂ ಇಂಥ ಯಂತ್ರಗಳು ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ.

ಪರೀಕ್ಷೆಯೇನೋ ಇದೆ. ಯಾರನ್ನು ಪರೀಕ್ಷಿಸುವುದು? ಎಲ್ಲಿ ಪರೀಕ್ಷಿಸುವುದು? ಈ ಪ್ರಶ್ನೆಗಳಿಗೆ ಲೋಕಕ್ಕೆಲ್ಲ ಉಪಯುಕ್ತವಾದ ಉತ್ತರವೊಂದು ನಮ್ಮ ಬೆಂಗಳೂರಿನಿಂದಲೇ ಹೊರಟಿತೆಂಬುದನ್ನು ಬಹು ಮಂದಿ ಅರಿಯರು. ಯಲಹಂಕದಿಂದ ಹೆಬ್ಬಾಳದ ಮೇಲೆ ಪೇಟೆಯ ಕಡೆಗೆ ಬರುವವರು ಬಳ್ಳಾರಿ ರಸ್ತೆಯಲ್ಲಿ, ಸದಾಶಿವನಗರದ ಬಳಿ, ‘ಆವಲಾನ್’ ಎಂಬ ಆವರಣವನ್ನು ದಾಟಿಹೋಗುತ್ತಾರೆ. ಅದೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ೧೯೫೯ರಲ್ಲಿ ಇದನ್ನು ಸ್ಥಾಪಿಸಿತು. ೧೯೬೦ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ನಾನು ಎಷ್ಟೋ ವರ್ಷ ಆ ಫಲಕವನ್ನು ಬಸ್ಸಿನ ಕಿಟಕಿಯಿಂದ ನೋಡಿ, ಓದಿ, ಮರೆತವನು.

ಆ ಸಂಸ್ಥೆಯವರು ಮೊದಮೊದಲು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ಸುಮಾರು ನಾಲ್ಕು ಮಂದಿಯ ಕಫದಲ್ಲಿ ಕ್ರಿಮಿಗಳು ಕಂಡುಬಂದುವು. ಅಷ್ಟಕ್ಕೇ ನಿಲ್ಲಿಸದೆ, ದೇಬಬಾರ್ ಬ್ಯಾನರ್ಜಿ ಎಂಬ ವೈದ್ಯರೂ, ಸ್ಟಿಗ್ ಆಂಡರ್ಸನ್ ಎಂಬವರೂ ರೋಗಿಗಳಿದ್ದಲ್ಲಿಗೆ ಹೋಗಿ ವಿಚಾರಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಅವರು ತಾವಾಗಿ ಆಸ್ಪತ್ರೆಗೆ ಬರುವವರಲ್ಲ ಎಂಬುದು ಆಗಿನ ದೊಡ್ಡವರ ಅಭಿಪ್ರಾಯ. ೧೯೬೩ರಲ್ಲಿ ಪ್ರಕಟವಾದ ಈ ವಿಚಾರಣೆಯ ಫಲವು ಅದನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹು ಮಂದಿಗೆ ತಮ್ಮ ಮೈಯ ಸ್ಥಿತಿ ಸರಿಯಿಲ್ಲವೆಂಬುದು ತಿಳಿದಿತ್ತು. ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ದೊರೆತುದು ಕೆಮ್ಮಿನ ಔಷಧದ ಒಂದು ಸೀಸೆ. ಕಫವನ್ನು ನೋಡಿದವರಿಲ್ಲ. ತಪ್ಪು ಹಳ್ಳಿಯವನದಲ್ಲ, ಬಂದವನನ್ನು ಪರೀಕ್ಷಿಸದೆ ಕಳುಹಿಸಿದ ವ್ಯವಸ್ಥೆಯದು ಎಂದಾಯಿತು.

ಇದರಿಂದ ೧೯೬೨ರ ರಾಷ್ಟ್ರೀಯ ಕಾರ್ಯಕ್ರಮವು ರೂಪುಗೊಂಡಿತು. ಸೂಕ್ಷ್ಮದರ್ಶಕವು ನಗರದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಇದ್ದರೆ ಸಾಲದು. ಜನರು ನೆಗಡಿ ಕೆಮ್ಮುಗಳಿಗೆಂದು ಹೋಗುವ ಸಾಮಾನ್ಯ ಆರೋಗ್ಯಕೇಂದ್ರದ ಮೇಜಿನ ಮೇಲೆಯೇ ಇರಬೇಕು. ಕೆಮ್ಮುತ್ತ ಬಂದವನ ಕಫವನ್ನು ಅಲ್ಲಿಯೇ ನೋಡಿ, ಮನೆಯಲ್ಲಿದ್ದೇ ತೆಗೆದುಕೊಳ್ಳುವಂತೆ ಔಷಧವನ್ನು ಧರ್ಮಾರ್ಥವಾಗಿ ಕೊಡಬೇಕು ಎಂಬುದು ಅದರ ತಿರುಳು. ಔಷಧವಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಇದೇ ಸಂಸ್ಥೆಯವರು ಕಂಡರು. ವ್ಯವಸ್ಥಿತವಾದ ಚಿಕಿತ್ಸೆ ಇನ್ನೂ ತಲುಪದಿದ್ದ ಕಾಲದಲ್ಲಿ, ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳನ್ನು ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲು ಕಂಡ ರೋಗಿಗಳಲ್ಲಿ ಐದು ವರ್ಷಗಳಲ್ಲಿ ನೂರಕ್ಕೆ ೪೯ ಮಂದಿ ತೀರಿಹೋಗಿದ್ದರು. ಮೂರನೆಯ ಒಂದು ಪಾಲಿನಷ್ಟು ಮಂದಿ ತಾವಾಗಿ ಗುಣ ಹೊಂದಿದ್ದರು. ಉಳಿದ ೧೮ ಮಂದಿ ಬದುಕಿದ್ದು, ಕಫದಲ್ಲಿ ಕ್ರಿಮಿಯನ್ನು ಹೊತ್ತು, ಮಿಕ್ಕವರಿಗೆ ಹಂಚುತ್ತಲೇ ಇದ್ದರು.

ಬಂದವರನ್ನು ಪರೀಕ್ಷಿಸಿದರೆ ಸಾಕೆ? ಸಾಲದೆಂದು ಈಚಿನ ಅನುಭವವು ಹೇಳುತ್ತದೆ. ೨೦೧೯ರಿಂದ ೨೦೨೧ರವರೆಗೆ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ ಹದಿನೈದು ವರ್ಷ ಮೀರಿದವರೊಳಗೆ ಲಕ್ಷಕ್ಕೆ ೩೧೬ ಮಂದಿಯಲ್ಲಿ ಶ್ವಾಸಕೋಶದ ಕ್ಷಯವು ಕಂಡಿತು. ಅವರಲ್ಲಿ ನೂರಕ್ಕೆ ೪೨ಕ್ಕೂ ಹೆಚ್ಚು ಮಂದಿಗೆ ಕೆಮ್ಮಾಗಲಿ ಜ್ವರವಾಗಲಿ ಯಾವ ಲಕ್ಷಣವೂ ಇರಲಿಲ್ಲ. ಎದೆಯ ಕ್ಷ-ಕಿರಣದ ಚಿತ್ರ ತೆಗೆಯದಿದ್ದರೆ ಅವರು ಸಿಕ್ಕುತ್ತಲೇ ಇರಲಿಲ್ಲ. ಲಕ್ಷಣಗಳಿದ್ದವರಲ್ಲಿಯೂ ನೂರಕ್ಕೆ ೬೪ ಮಂದಿ ಯಾವ ವೈದ್ಯನ ಬಳಿಗೂ ಹೋಗಿರಲಿಲ್ಲ. ಕೊರೋನಾ ಕಾಲದಲ್ಲಿಯೂ ಇದೇ ಪಾಠವಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆರಿಸಿ ಪರೀಕ್ಷಿಸಿದಾಗ, ನೂರಕ್ಕೆ ೨೭.೩ರಷ್ಟು ಜನಕ್ಕೆ, ಎಂದರೆ ರಾಜ್ಯದಲ್ಲಿ ಸುಮಾರು ೧ ಕೋಟಿ ೯೩ ಲಕ್ಷ ಜನಕ್ಕೆ, ಆ ಸೋಂಕು ತಗುಲಿದೆಯೆಂದು ಲೆಕ್ಕವಾಯಿತು. ಆ ವೇಳೆಗೆ ದಿನಪತ್ರಿಕೆಗಳ ಪಟ್ಟಿಯಲ್ಲಿದ್ದವರು ಐದು ಲಕ್ಷಕ್ಕೂ ಕಡಿಮೆ. ಗೊತ್ತಾದ ಒಬ್ಬನ ಹಿಂದೆ ಗೊತ್ತಾಗದವರು ಹತ್ತಿರ ಹತ್ತಿರ ನಲವತ್ತು ಮಂದಿ! ಆದುದರಿಂದಲೇ ಈಗ ಕ್ಷಯದ ಪರೀಕ್ಷೆಯು ಬಾಗಿಲಲ್ಲಿ ಕಾದು ಕುಳಿತಿರದೆ, ನಮ್ಮ ಬಾಗಿಲಿಗೇ ಬರುತ್ತಿರುವುದು.

ನನ್ನ ಬಾಗಿಲಿಗೂ ಬಂದಿತು. ಕೆಲವು ವರ್ಷಗಳ ಹಿಂದಿನ ಮಾತು, ನಾನಿನ್ನೂ ಸೇವೆಯಲ್ಲಿದ್ದೆನು. ಯಲಹಂಕದ ಹಳೆಯ ಊರಿನ ನಮ್ಮ ಮನೆಯಲ್ಲಿ ದಿವಂಗತನಾದ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ನಮ್ಮೊಡನೆಯೇ ಇದ್ದರು. ಎರಡು ತಿಂಗಳಿಂದ ಅವರಿಗೆ ಕೆಮ್ಮು. ಮೆಣಸಿನ ಕಷಾಯ, ಜೇನುತುಪ್ಪ, ದೊಡ್ಡಪತ್ರೆ ಎಲ್ಲವೂ ಆದುವು. ನಮಗೆ ಒಳಗೊಳಗೇ ಸಂಶಯವಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಕಿರಿಯ ಮಗಳಿಗೆ ಸಂಬಂಧವೊಂದು ಕೂಡಿಬರುವಂತಿತ್ತು. ‘ಆ ಮನೆಯಲ್ಲಿ ಕ್ಷಯವಂತೆ’ ಎಂಬ ಮಾತು ಹುಟ್ಟಿದರೆ ಸಂಬಂಧವು ನಿಲ್ಲುವುದೆ? ಹೀಗಿರುವಾಗ ಒಂದು ಬೆಳಗ್ಗೆ ಆಶಾ ಕಾರ್ಯಕರ್ತೆಯಾದ ಹೆಣ್ಣುಮಗಳೊಬ್ಬಳು ಪುಸ್ತಕ ಹಿಡಿದು ಬಾಗಿಲಿಗೆ ಬಂದು, ‘ಮೇಷ್ಟ್ರೇ, ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚಾಗಿ ಕೆಮ್ಮು ಇದೆಯೇ?’ ಎಂದು ಕೇಳಿದಳು. ಜೀವಮಾನವೆಲ್ಲ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ನಾನು, ‘ಇಲ್ಲ ತಾಯಿ’ ಎಂದೆನು. ಅವಳು ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಆರು ವಾರಗಳ ತರುವಾಯ ಅತ್ತಿಗೆಯ ಕಫದಲ್ಲಿ ರಕ್ತ ಕಂಡಿತು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಕಫವನ್ನು ಪರೀಕ್ಷಿಸಿ ಕ್ಷಯವೆಂದರು. ಮನೆಯವರೆಲ್ಲರೂ ಬರಬೇಕೆಂದರು. ನಮಗೆಲ್ಲ ಏನೂ ಇರಲಿಲ್ಲ. ಅತ್ತಿಗೆಯ ಮಗ್ಗುಲಲ್ಲಿಯೇ ಮಲಗುತ್ತಿದ್ದ ನಾಲ್ಕು ವರ್ಷದ ಮೊಮ್ಮಗನಿಗೆ ಇತ್ತು. ಕೆಲವು ಕಾಲದಿಂದ ಮಗುವಿನ ತೂಕ ಏರದಿದ್ದುದನ್ನು ನಾವು ಹಟ ಮಾಡಿ ಊಟ ಬಿಡುತ್ತಾನೆಂದು ಎಣಿಸಿದ್ದೆವು. ಆ ಆರು ವಾರಗಳಲ್ಲಿ ತಗುಲಿತೋ, ಅದಕ್ಕೆ ಮೊದಲೇ ತಗುಲಿತೋ ಯಾರೂ ಹೇಳಲಾರರು. ನಾನೂ ಕೇಳಲಿಲ್ಲ.

ಇಬ್ಬರೂ ಆರು ತಿಂಗಳು ಔಷಧವನ್ನು ತಪ್ಪದೆ ತೆಗೆದುಕೊಂಡು ಪೂರ್ಣವಾಗಿ ಗುಣ ಹೊಂದಿದರು. ಮಾತ್ರೆಗಳನ್ನು ಮನೆಗೆ ತಂದುಕೊಡುತ್ತಿದ್ದವಳು ಅದೇ ಹೆಣ್ಣುಮಗಳು. ಒಂದು ದಿನವಾದರೂ ಅವಳು ಆವತ್ತಿನ ಮಾತನ್ನು ಎತ್ತಲಿಲ್ಲ. ಅತ್ತಿಗೆ ಮಾತ್ರ ಒಮ್ಮೆ ಅಂದರು: ‘ನೀನು ಇಲ್ಲ ಅಂದದ್ದು ಒಳಗಿದ್ದ ನನಗೂ ಕೇಳಿಸಿತು ಕಣಪ್ಪ. ನಾನಾದರೂ ಹೊರಗೆ ಬಂದು ಇದ್ದೀನಿ ಅನ್ನಬಹುದಾಗಿತ್ತು. ಹುಡುಗಿಯ ಮದುವೆ ಅಂತ ಸುಮ್ಮನಾದೆ.’ ಸಂಬಂಧದವರಿಗೆ ನಾನೇ ಹೋಗಿ ಇದ್ದುದನ್ನು ಇದ್ದಂತೆ ತಿಳಿಸಿದೆನು. ಆ ಸಂಬಂಧ ತಪ್ಪಿತು. ಮರುವರ್ಷ ಬೇರೊಂದು ಕೂಡಿಬಂದಿತು. ಅವರಿಗೂ ಮೊದಲೇ ತಿಳಿಸಿದ್ದೆನು. ನನ್ನ ಭಯವು ಕೇವಲ ಭ್ರಮೆಯಾಗಿತ್ತೆಂದು ನಾನು ಹೇಳಲಾರೆ. ಆದರೆ ತಪ್ಪಿದ ಸಂಬಂಧವನ್ನು ಮತ್ತೆ ಹುಡುಕಬಹುದು. ಮಗುವಿನ ಪ್ರಾಣವನ್ನು ಹುಡುಕಲಾದೀತೆ?

ಪಶುಗಳಿಗೆ ಈ ತೊಡಕಿಲ್ಲವಷ್ಟೆ. ದನಕರುಗಳಿಗೆ ಬರುತ್ತಿದ್ದ, ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗದ ಕಥೆಯನ್ನು ನೋಡಿರಿ. ಅದನ್ನು ತಡೆಯುವ ರಕ್ತರಸವನ್ನು ತಯಾರಿಸಲು ಮೈಸೂರು ಸಂಸ್ಥಾನದವರು ೧೯೨೫ರಲ್ಲಿ ತೆರೆದ ಸೀರಂ ಸಂಸ್ಥೆಯೇ ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆ. ಲಸಿಕೆ ಹಾಕಿದ್ದರಿಂದ ಮಾತ್ರವೇ ಆ ರೋಗ ಹೋಯಿತೆ? ಇಲ್ಲ. ಹೋಯಿತೆಂದು ತೋರಿದ ಮೇಲೆಯೂ ಊರೂರಿನ ದನಗಳ ರಕ್ತವನ್ನು ಪರೀಕ್ಷಿಸಿ, ಎಲ್ಲಿಯೂ ಅಡಗಿಲ್ಲವೆಂದು ದೃಢಪಡಿಸಬೇಕಾಯಿತು. ೨೦೧೧ರಲ್ಲಿ ಲೋಕವೆಲ್ಲ ಆ ರೋಗದಿಂದ ಮುಕ್ತವಾಯಿತೆಂದು ಸಾರಿದರು. ಸಿಡುಬಿನ ತರುವಾಯ ಹೀಗೆ ಬೇರುಸಹಿತ ಹೋದುದು ಇದೊಂದೇ. ಯಲಹಂಕದ ಬಳಿಯ ರಾಮಗೊಂಡನಹಳ್ಳಿಯಲ್ಲಿರುವ ‘ನಿವೇದಿ’ ಸಂಸ್ಥೆಯು ಇಂದಿಗೂ ದೇಶದ ನಾನಾ ಭಾಗಗಳ ಪಶುಗಳ ರಕ್ತರಸವನ್ನು ತರಿಸಿ ಪರೀಕ್ಷಿಸುತ್ತಲಿದೆ. ದನಗಳಿಗೆ ಮಾನಮರ್ಯಾದೆಯ ಚಿಂತೆಯಿಲ್ಲ. ಬಾಗಿಲಲ್ಲಿ ನಿಂತು ‘ಇಲ್ಲ’ ಎನ್ನುವುದಿಲ್ಲ. ಮನುಷ್ಯರಲ್ಲಿ ಪರೀಕ್ಷೆಯ ಅರ್ಧ ಕೆಲಸ ಯಂತ್ರದ್ದು, ಮಿಕ್ಕರ್ಧ ನಂಬಿಕೆಯದು.

ಆ ನಂಬಿಕೆಯನ್ನು ಕೆಡಿಸಿದರೆ ಏನಾಗುತ್ತದೆಂಬುದನ್ನು ಪ್ಲೇಗಿನ ಕಾಲವು ತೋರಿಸಿತು. ೧೮೯೭ರಲ್ಲಿ ಪುಣೆಯಲ್ಲಿ ಸೋಲ್ಜರುಗಳು ಮನೆಯೊಳಕ್ಕೆ ನುಗ್ಗಿ ರೋಗಿಗಳನ್ನು ಹುಡುಕಿದರು, ಜನರು ರೊಚ್ಚಿಗೆದ್ದರು, ಪ್ಲೇಗಿನ ಅಧಿಕಾರಿಯಾದ ರ್‍ಯಾಂಡನ ಕೊಲೆಯಾಯಿತು. ಮರುವರ್ಷ ಬೆಂಗಳೂರಿಗೂ ಪ್ಲೇಗು ಬಂದಿತು. ಬಲಾತ್ಕಾರದಿಂದ ಹುಡುಕಿದ ಕಡೆ ಜನರು ರೋಗಿಯನ್ನು ಅಡಗಿಸುವುದು ಸಹಜ. ಆದಕಾರಣ ಪರೀಕ್ಷೆ ಮಾಡುವವರು ರೋಗಿಯ ಹೆಸರನ್ನು ಗುಟ್ಟಾಗಿಡಬೇಕು. ಪರೀಕ್ಷೆಯ ಹಿಂದೆಯೇ ಔಷಧವು ಬರಬೇಕು. ಔಷಧದ ಜೊತೆಗೆ ಅನ್ನವೂ ಬೇಕು. ಈಗ ಕ್ಷಯದ ಪರೀಕ್ಷೆಗೂ ಔಷಧಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲ. ಪೌಷ್ಟಿಕ ಆಹಾರಕ್ಕಾಗಿ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಯಂತೆ ರೋಗಿಯ ಖಾತೆಗೆ ಕೊಡುತ್ತಿದ್ದುದನ್ನು ೨೦೨೪ರ ನವೆಂಬರಿನಿಂದ ೧೦೦೦ ರೂಪಾಯಿಗೆ ಏರಿಸಿದ್ದಾರೆ.

ಇನ್ನು ಗೃಹಸ್ಥರೂ ಗೃಹಿಣಿಯರೂ ಮನಸ್ಸಿನಲ್ಲಿಡತಕ್ಕ ಕೆಲವು ಮಾತುಗಳು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಬೇಕಾದುದು ಬಾಯಿಯ ಉಗುಳಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ; ಬೆಳಗ್ಗೆ ಎದ್ದೊಡನೆ, ಬಯಲಿನಲ್ಲಿ, ಮಿಕ್ಕವರಿಂದ ದೂರ ನಿಂತು ತೆಗೆಯತಕ್ಕದ್ದು. ಒಮ್ಮೆ ಇಲ್ಲವೆಂದು ಬಂದರೂ ಕೆಮ್ಮು ನಿಲ್ಲದಿದ್ದರೆ ಮತ್ತೆ ಹೋಗಬೇಕು. ಮನೆಯಲ್ಲಿ ಒಬ್ಬರಿಗೆ ರೋಗವೆಂದಾದರೆ ಎಲ್ಲರೂ, ಮುಖ್ಯವಾಗಿ ಮಕ್ಕಳು, ಪರೀಕ್ಷೆಗೆ ಹೋಗಬೇಕು. ರೋಗವಿಲ್ಲದವರಿಗೂ ಮುಂದೆ ಬಾರದಂತೆ ಕೊಡುವ ಔಷಧವುಂಟು. ಒಂದೆರಡು ತಿಂಗಳಲ್ಲಿ ಹಾಯೆನಿಸಿತೆಂದು ಔಷಧವನ್ನು ನಡುವೆ ಬಿಟ್ಟರೆ, ಕ್ರಿಮಿಯು ಆ ಔಷಧಕ್ಕೆ ಬಗ್ಗದಂತೆ ಬಲಿಯುತ್ತದೆ.

ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಇಂದಿಗೂ ನಮ್ಮ ದೇಶದಲ್ಲಿಯೇ ಇದ್ದಾರೆ. ಅವರು ಯಾರೋ ಎಲ್ಲಿಯೋ ಇರುವವರಲ್ಲ. ನಮ್ಮ ಒಳಮನೆಗಳಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಾಗದಂತೆ ಕೆಮ್ಮುವವರು. ಶಾಲೆಯ ಪರೀಕ್ಷೆಯಲ್ಲಿ ಒಬ್ಬ ಹುಡುಗನು ತಪ್ಪಿದರೆ ಅವನಿಗೊಬ್ಬನಿಗೇ ನಷ್ಟ. ಈ ಪರೀಕ್ಷೆಯನ್ನು ಒಬ್ಬನು ತಪ್ಪಿಸಿಕೊಂಡರೆ ನಷ್ಟವು ಅವನ ಮಗ್ಗುಲಲ್ಲಿ ಮಲಗಿದ ಮಗುವಿಗೆ. ನಿಮ್ಮ ಬಾಗಿಲಿಗೂ ಪುಸ್ತಕ ಹಿಡಿದ ಹೆಣ್ಣುಮಗಳೊಬ್ಬಳು ಇಂದೋ ನಾಳೆಯೋ ಬಂದು ಕೇಳಿಯಾಳು. ಅವಳನ್ನು ಒಳಕ್ಕೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಇದ್ದುದನ್ನು ಇದ್ದಂತೆ ಹೇಳಿರಿ.